ಹನ್ನೊಂದು ಬಾಯಿ, ಒಂದೇ ಉತ್ತರ

ಇಪ್ಪತ್ತಾರು ವರ್ಷ ಲಾರಿ ಓಡಿಸಿಯೂ ಒಂದು ಗೀರು ಬೀಳಿಸಿಕೊಳ್ಳದ ಆ ಚಾಲಕನನ್ನು ಶೆಡ್ಡಿನವರೆಲ್ಲ ಗುರುಗಳು ಎಂದೇ ಕರೆಯುತ್ತಿದ್ದರು. ಚಾಲಕರಿಗೆ ರಸ್ತೆ ಫಲಕಗಳ ಪಾಠ ಆಗಲೇಬೇಕೆಂದು ವಿಮೆಯವರು ಪಟ್ಟು ಹಿಡಿದಾಗ, ಮ್ಯಾನೇಜರ್ ಗುರುಗಳ ಕೈಗೊಂದು ಚಾರ್ಟ್ ಕೊಟ್ಟು ಕೈತೊಳೆದುಕೊಂಡ.

ಚಾರ್ಟಿನಲ್ಲಿ ಬರೀ ಚಿತ್ರಗಳು. ಅರ್ಥ ಅಚ್ಚಾಗಿದ್ದ ಕೆಳಭಾಗವನ್ನು ಯಾರೋ ಗ್ರೀಸ್ ಒರೆಸಲು ಹರಿದುಕೊಂಡಿದ್ದರು. ಗೊತ್ತಿಲ್ಲ ಎನ್ನಲು ಗುರುಗಳಿಗೆ ನಾಲಿಗೆ ಹೊರಳಲಿಲ್ಲ. ಹಳೇ ಟೈರುಗಳ ಮೇಲೆ ಕೂತ ಹನ್ನೊಂದು ಮಂದಿ ಚಾಲಕರ ಮುಂದೆ ಗಂಟಲು ಸರಿಮಾಡಿಕೊಂಡು ಶುರು ಹಚ್ಚಿದರು.

"ಕಾರಿನ ಹಿಂದೆ ಅಂಕುಡೊಂಕು ಗೆರೆ ಇದ್ಯಲ್ಲ, ಮುಂದೆ ಹೆಂಡದಂಗಡಿ ಇದೆ ಅಂತ ಅರ್ಥ."

"ಈ ತಲೆಕೆಳಗಾದ ತ್ರಿಕೋನ?"

"ಆ ಬೋರ್ಡ್ ನೆಟ್ಟೋನೇ ಹೆಂಡದಂಗಡಿಯಿಂದ ಬಂದಿದ್ದ."

"ಮಾವ, ಈ ಎರಡು ಕಾರು? ಒಂದು ಕೆಂಪು, ಒಂದು ಕಪ್ಪು." ಕೇಳಿದವನು ಅವರ ಸ್ವಂತ ಅಳಿಯ, ಮಗಳ ಗಂಡ, ಹಾಲಿನ ಟ್ಯಾಂಕರ್ ಚಾಲಕ.

"ಎರಡು ಗಾಡಿ ಆರಾಮಾಗಿ ಹಿಡಿಯೋ ರಸ್ತೆ. ಧೈರ್ಯವಾಗಿ ನುಗ್ಗಿ!"

ಅಳಿಯ ಮಾವನ ಮಾತನ್ನು ಎಂದೂ ಮೀರಿದವನಲ್ಲ. ಮೂರನೆಯ ದಿನ, ತಿರುವಿನ ಹತ್ತಿರ ಅದೇ ಫಲಕ ಕಂಡದ್ದೇ ತಡ, ಮುಂದಿದ್ದ ಟ್ರ್ಯಾಕ್ಟರನ್ನು ಹಿಂದಿಕ್ಕಲು ನುಗ್ಗಿದ. ಎದುರಿಗೆ ಶಾಲೆಯ ಬಸ್ಸು. ಸ್ಟೇರಿಂಗ್ ಎಳೆದ ರಭಸಕ್ಕೆ ಟ್ಯಾಂಕರ್ ಹೋಗಿ ಆಲೂಗಡ್ಡೆ ಹೊಲದಲ್ಲಿ ಮಗುಚಿಕೊಂಡಿತು. ಯಾರಿಗೂ ಏಟಾಗಲಿಲ್ಲ. ಹೊಲದ ತುಂಬ ಹಾಲೋ ಹಾಲು.

"ಬೋರ್ಡೇ ನುಗ್ಗು ಅಂತಿತ್ತು!" ಎಂದು ಅವನು ವಾದಿಸಿದ್ದನ್ನು ಕೇಳಿ, ಮರುದಿನ ಸಾರಿಗೆ ಇಲಾಖೆಯ ಇನ್ಸ್‌ಪೆಕ್ಟರಮ್ಮ ಶೆಡ್ಡಿಗೇ ಬಂದರು. ಆ ಎರಡು ಕಾರಿನ ಚಿತ್ರ ಎತ್ತಿ ಹಿಡಿದು, "ಏನಿದು?" ಎಂದರು.

"ನುಗ್ಗಬಹುದು!" ಎಂದವು ಹನ್ನೊಂದು ಬಾಯಿಗಳು.

"ಹಿಂದಿಕ್ಕಬಾರದು ಅಂತ ಕಣ್ರೀ ಇದರರ್ಥ! ಯಾರು ನಿಮಗೆ ಪಾಠ ಮಾಡಿದ್ದು?"

ಇಪ್ಪತ್ತೆರಡು ಕಣ್ಣು ಒಂದೇ ಕಡೆ ತಿರುಗಿದವು. ಹಿಂದಿನ ದಿನವಷ್ಟೇ ಗುರುಗಳ ಮಗಳು, "ಅಪ್ಪಾ, ಗೊತ್ತಿಲ್ಲ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಆ ಬಸ್ಸಲ್ಲಿ ಮಕ್ಕಳಿದ್ವು" ಎಂದು ಅತ್ತಿದ್ದಳು. ಅವರಿಗೆ ಅನ್ನ ಇಳಿದಿರಲಿಲ್ಲ.

"ನಾನೇ ಮೇಡಂ. ಹೇಳಿದ್ದೆಲ್ಲ ಬೊಗಳೆ. ಇಪ್ಪತ್ತಾರು ವರ್ಷ ಲಾರಿ ಓಡಿಸಿದ್ರೂ ನಂಗೆ ಒಂದು ಬೋರ್ಡೂ ಗೊತ್ತಿಲ್ಲ."

"ಮತ್ತೆ ಇಪ್ಪತ್ತಾರು ವರ್ಷ ಹೇಗ್ರೀ ಓಡಿಸಿದ್ರಿ?"

"ಅರ್ಥವಾಗದ ಬೋರ್ಡ್ ಕಂಡ್ರೆ ನಿಧಾನ ಮಾಡ್ತಿದ್ದೆ. ಯಾವುದೂ ಅರ್ಥವಾಗ್ತಿರಲಿಲ್ಲ. ಎಲ್ಲಾ ಕಡೆ ನಿಧಾನ."

ಇನ್ಸ್‌ಪೆಕ್ಟರಮ್ಮನಿಗೆ ನಗು ಒತ್ತರಿಸಿ ಬಂತು. ಆದರೂ ನುಂಗಿಕೊಂಡರು. "ನಿಮ್ಮ ಶಿಷ್ಯರಿಗೆ ಈಗ ಎಲ್ಲಾ ಅರ್ಥವಾಗಿಬಿಟ್ಟಿದೆ. ನಂಗೆ ಭಯ ಅದೇ."

"ನಮಗೂ ಅನುಮಾನ ಇತ್ತು ಮಾವ," ಎಂದ ಅಳಿಯ ಮೆಲ್ಲಗೆ. "ನೀವು ಅಷ್ಟು ಜೋರಾಗಿ ಹೇಳಿದ್ರಲ್ಲ, ಅದಕ್ಕೇ ಸುಮ್ನಾದ್ವಿ."

ಗುರುಗಳು ಒಂದು ಟೈರು ಉರುಳಿಸಿಕೊಂಡು ಬಂದು, ಇನ್ಸ್‌ಪೆಕ್ಟರಮ್ಮನ ಪಾಠಕ್ಕೆ ಹನ್ನೆರಡನೆಯವರಾಗಿ ಕೂತರು. ಅಂದು ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳಿದವರು ಅವರೇ. ಉತ್ತರ ಹೇಳಿ ಹೇಳಿ ಇನ್ಸ್‌ಪೆಕ್ಟರಮ್ಮ ಎರಡು ಸಲ ನೀರು ಕುಡಿದರು.

ವಾರದ ನಂತರ ಪರೀಕ್ಷೆ ನಡೆಯಿತು. ಎಲ್ಲರೂ ಪಾಸಾದರು. ಗುರುಗಳಿಗೆ ಇಪ್ಪತ್ತಕ್ಕೆ ಹದಿನೆಂಟು, ಅಳಿಯನಿಗೆ ಹತ್ತೊಂಬತ್ತು. ಆ ಒಂದು ಅಂಕವನ್ನು ಅಳಿಯ ಊಟದ ಹೊತ್ತಿಗೆ ತಿಂಗಳುಗಟ್ಟಲೆ ನೆನಪಿಸಿದ. ಗುರುಗಳು ತಲೆ ಎತ್ತದೆ ಉಂಡರು.