ನೀಲಿ ಗೆರೆಯ ಕೆಳಗೆ ಕೆಂಪು ಗೆರೆ

ನಾನು ಒಂದು ಹಲಗೆ. ಹುಟ್ಟಿದ್ದು ಕೃಷ್ಣೆಯ ದಂಡೆಯಲ್ಲಿ, ತಗಡಿನ ಶೆಡ್ಡಿನ ಹಿಂದೆ. ಕಾಂಕ್ರೀಟಿನ ಅಚ್ಚಿಗೆಂದು ತಂದ ಪ್ಲೈವುಡ್ಡಿನಲ್ಲಿ ಒಂದು ತುಂಡು ಮಿಕ್ಕಿತ್ತು. ಬಡಿಗ ಈರಣ್ಣ ಅದರ ಅಂಚು ಹೆರೆದು, ಬಿಳಿ ಬಣ್ಣ ಬಳಿದು, ಬಿಸಿಲಿಗೆ ಒಣಗಲು ಇಟ್ಟ.

ನನ್ನ ಮೊದಲ ಒಡತಿ ಸುಮಂಗಲಾ ಬಳಿಗಾರ. ಹೊಳೆಯ ನಡುವೆ ಇರುವ ಕಲ್ಲಗಡ್ಡಿ ಎಂಬ ಊರಿಗೆ ಸೇತುವೆ ಕಟ್ಟಿಸಲು ಬಂದಿದ್ದ ಇಂಜಿನಿಯರು. ಆಕೆ ನನ್ನನ್ನು ಶೆಡ್ಡಿನ ಗೋಡೆಗೆ ತೂಗುಹಾಕಿ, ಚೌಕಳಿ ಬರೆದು, ನೀಲಿ ಬಣ್ಣದಲ್ಲಿ ಒಂದು ಗೆರೆ ಎಳೆದಳು. ಯಾವ ತಿಂಗಳಿಗೆ ಎಷ್ಟು ಕೆಲಸ ಆಗಿರಬೇಕು ಎಂಬುದನ್ನು ಹೇಳುವ ಗೆರೆ ಅದು. ನೆಲಕ್ಕಂಟಿಕೊಂಡು ಹೊರಟು, ಆಮೇಲೆ ಸರ್ರನೆ ಏರಿ, ತುದಿಯಲ್ಲಿ ಮತ್ತೆ ನಿಧಾನವಾಗುತ್ತಿತ್ತು.

ನಿಜವಾಗಿ ಆದ ಕೆಲಸಕ್ಕೆ ಕೆಂಪು ಗೆರೆ. ಅದನ್ನು ಒಮ್ಮೆಲೇ ಎಳೆಯುವಂತಿರಲಿಲ್ಲ. ಪ್ರತಿ ಶನಿವಾರ ಸುಮಂಗಲಾ ಟೇಪು ಹಿಡಿದು ಹೊಳೆಗಿಳಿಯುತ್ತಿದ್ದಳು. ಕಂಬಗಳು ಎಷ್ಟೆತ್ತರ ಎದ್ದಿವೆ ಎಂದು ಅಳೆದು ಬಂದು, ಕೆಸರು ಕೈ ತೊಳೆದು, ಕೆಂಪು ಗೆರೆಯನ್ನು ಬೆರಳಗಲ ಮುಂದಕ್ಕೆ ಒಯ್ಯುತ್ತಿದ್ದಳು. ಆಗ ಎರಡೂ ಗೆರೆಗಳು ಜೋಡೆತ್ತಿನ ಹಾಗೆ ಹೋಗುತ್ತಿದ್ದವು.

ನಡುಹೊಳೆಯ ಕಂಬದ ಬುಡದಲ್ಲಿ ಗಟ್ಟಿ ಕಲ್ಲು ಸಿಗಲಿಲ್ಲ. ಅಗೆದಷ್ಟೂ ಮರಳು. ನೀಲಿ ಗೆರೆ ಮೇಲೇರಿ ಹೋಗಿತ್ತು, ಕೆಂಪು ಗೆರೆ ಕೆಸರು ಕಂಡ ಎಮ್ಮೆಯ ಹಾಗೆ ಕೂತಲ್ಲೇ ಕೂತಿತು. ನಡುವಿನ ಬಿಳಿ ಜಾಗ ಅಗಲವಾಗುತ್ತ ಹೋದಂತೆ ಸುಮಂಗಲಾಳ ಡಬ್ಬಿಯ ರೊಟ್ಟಿ ಹಾಗೇ ಉಳಿಯತೊಡಗಿತು.

ಬೇಸಿಗೆ ಮುಗಿಯುವ ಹೊತ್ತಿಗೆ ಕಂಪನಿಯ ಮ್ಯಾನೇಜರ್ ಅಂಗಡಿ ಸಾಹೇಬರು ಹುಬ್ಬಳ್ಳಿಯಿಂದ ಬಂದರು. ಕೆಲಸ ಎಲ್ಲಿಗೆ ಬಂತೆಂದು ಕೇಳಲು ಕಲ್ಲಗಡ್ಡಿಯ ಜನ ಅಂದೇ ಬರುವವರಿದ್ದರು. ಸಾಹೇಬರು ನನ್ನ ಮುಂದೆ ನಿಂತು ಕೆಂಪು ಪೆನ್ನು ಎತ್ತಿಕೊಂಡರು.

“ದಂಡಿ ಮ್ಯಾಲೆ ಅಷ್ಟೊಂದು ಕಬ್ಬಿಣ ಬಿದ್ದೈತಿ, ಸಿಮೆಂಟ್ ಐತಿ. ಅದನ್ನೂ ಲೆಕ್ಕಕ್ಕ ಹಿಡೀರಿ. ಗೆರಿ ತಾನ ಮ್ಯಾಲೆ ಬರ್ತೈತಿ.”

“ದಂಡಿ ಮ್ಯಾಲಿನ ಕಬ್ಬಿಣ ಹಿಡಕೊಂಡು ಯಾರು ಹೊಳಿ ದಾಟ್ತಾರ್ರೀ ಸರ್?” ಸುಮಂಗಲಾ ಹೆದರುತ್ತಲೇ ನನಗೆ ಅಡ್ಡ ಬಂದು ನಿಂತಳು. “ಸಾಮಾನು ಬಂದದ್ದು ಬ್ಯಾರೆ, ಕೆಲಸ ಆದದ್ದು ಬ್ಯಾರೆ.”

“ಹೆಡ್ ಆಫೀಸಿಗೆ ನಾ ಏನ್ ಹೇಳ್ಲಿ?”

“ಹಿಂದ ಬಿದ್ದೀವಿ ಅಂತ ಹೇಳ್ರಿ. ಆಳುಗಳ ಇನ್ನೊಂದು ಗ್ಯಾಂಗ್ ಆದ್ರೂ ಕಳಿಸ್ತಾರ.”

ಅಷ್ಟರಲ್ಲಿ ಬಾಗಿಲ ತುಂಬ ಜನ. ಮುಂದೆ ನಿಂತಿದ್ದವಳು ಯಂಕಮ್ಮ, ಕಲ್ಲಗಡ್ಡಿಯ ಅಂಗನವಾಡಿ ನಡೆಸುವವಳು. ಪಕ್ಕದಲ್ಲಿ ಬಸುರಿ ಸೊಸೆ ಹುಲಿಗೆಮ್ಮ.

“ಮೇಡಂ, ಹೊಳಿ ತುಂಬೂದ್ರಾಗ ಸೇತುವೆ ಆಗ್ತದಿಲ್ರಿ? ಈಕಿ ಹೆರಿಗಿ ಶ್ರಾವಣದಾಗ. ಸೇತುವೆ ಇರ್ತದಲ್ಲ ಅಂತ ಊರಾಗ ಇಟ್ಕೊಂಡೀವಿ.”

ಸುಮಂಗಲಾ ನನ್ನತ್ತ ನೋಡಿದಳು, ಹುಲಿಗೆಮ್ಮನತ್ತ ನೋಡಿದಳು.

“ಆಗಂಗಿಲ್ಲ ಯಂಕಮ್ಮ. ಆ ನೀಲಿ ಗೆರಿ ತನಕ ಬಂದಿರಬೇಕಿತ್ತು, ಈ ಕೆಂಪು ಗೆರಿ ಹತ್ರನ ಅದೀವಿ. ಈ ಮಳಿಗಾಲಕ್ಕ ನಮ್ಮನ್ನ ನಂಬಬ್ಯಾಡ್ರಿ. ಬಸುರೇರನ್ನ ಈಗ ಈ ದಂಡಿಗೆ ಕರಕೊಂಡ ಬಂದುಬಿಡ್ರಿ.”

ಶೆಡ್ಡು ಹರಿದುಹೋಗುವಂಥ ಗದ್ದಲವೆದ್ದಿತು. “ಮತ್ಯಾಕ ಆಸೆ ಹಚ್ಚಿದ್ರಿ?” ಎಂದು ಬೈದು ಜನ ಹೊರಟುಹೋದರು. ಸಾಹೇಬರು ಚಹಾ ಮುಟ್ಟದೆ ಕಾರು ಹತ್ತಿದರು. ಯಂಕಮ್ಮ ಒಬ್ಬಳೇ ಹಿಂದೆ ಉಳಿದು, ಎರಡು ಗೆರೆಗಳ ನಡುವಿನ ಬಿಳುಪನ್ನು ಬೆರಳಿಂದ ಸವರಿ ನೋಡಿದಳು. ಆ ವಾರವೇ ಹುಲಿಗೆಮ್ಮನೂ ಇನ್ನು ಕೆಲವು ಬಸುರಿಯರೂ ಹರಿಗೋಲು ಹತ್ತಿ ಈಚೆ ದಂಡೆಯ ನೆಂಟರ ಮನೆ ಸೇರಿದರು.

ಶ್ರಾವಣದಲ್ಲಿ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು. ಹೊಳೆ ದಂಡೆ ಮೀರಿತು, ಹರಿಗೋಲು ನಿಂತುಹೋಯಿತು. ಅಂಥ ದಿನಗಳಲ್ಲೇ ಹುಲಿಗೆಮ್ಮನಿಗೆ ನೋವು ಕಾಣಿಸಿತು. ಕೂಸು ಅಡ್ಡ ತಿರುಗಿತ್ತಂತೆ. ತಾಲೂಕು ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ತಾಯಿ ಮಗಳಿಬ್ಬರನ್ನೂ ಉಳಿಸಿದರು.

ಹೊಳೆ ಇಳಿದ ಮೇಲೆ ಈ ಸುದ್ದಿಯನ್ನು ಯಂಕಮ್ಮನೇ ಪೇಡೆ ಹಿಡಿದು ಬಂದು ಹೇಳಿದಳು. “ಅವತ್ತು ನೀವು ಹೂಂ ಅಂದಿದ್ರ, ನನ್ನ ಸೊಸಿ ಹೊಳಿ ಆಚಿಗೇ ಉಳೀತಿದ್ಳು ನೋಡ್ರಿ” ಎನ್ನುತ್ತ ಸೆರಗು ಬಾಯಿಗಿಟ್ಟುಕೊಂಡಳು. ಸುಮಂಗಲಾ ಆಕೆಯ ಕೈ ಹಿಡಿದುಕೊಂಡಳು. ಹೊಳೆಯಿಂದಾದ ಹಾನಿ ನೋಡಲು ಬಂದಿದ್ದ ಅಂಗಡಿ ಸಾಹೇಬರು ಅಲ್ಲೇ ಕುರ್ಚಿಯಲ್ಲಿದ್ದರು. ಯಂಕಮ್ಮ ಕೊಟ್ಟ ಪೇಡೆ ತೆಗೆದುಕೊಂಡು ಹೇಳಿದರು:

“ಬಳಿಗಾರ ಮೇಡಂ, ಈ ಶನಿವಾರ ಅಳತಿಗೆ ನಾನೂ ಬರ್ತೀನಿ.”

ಪ್ಯಾಂಟು ಮಡಚಿಕೊಂಡು ಬಂದೂ ಬಂದರು. ಇನ್ನೊಂದು ಗ್ಯಾಂಗೂ ಬಂತು. ಸುಮಂಗಲಾ ಹಳೆಯ ನೀಲಿ ಗೆರೆಯನ್ನು ಅಳಿಸಲಿಲ್ಲ. ಅದರ ಕೆಳಗೆ, ಹೊಸ ಗಡುವಿಗೆ ತಕ್ಕಂತೆ, ಚುಕ್ಕಿ ಚುಕ್ಕಿಯಾಗಿ ಇನ್ನೊಂದು ನೀಲಿ ಗೆರೆ ಬರೆದಳು. ಈ ಸಲ ಕೆಂಪು ಗೆರೆ ಅದನ್ನು ಬಿಡಲಿಲ್ಲ. ಮರುವರ್ಷದ ಬೇಸಿಗೆಯಲ್ಲಿ ಸೇತುವೆ ಮುಗಿಯಿತು. ಅಳೆಯಲು ಏನೂ ಇಲ್ಲದ ಮೊದಲ ಶನಿವಾರ ಆಕೆ ನನ್ನ ಧೂಳು ಒರೆಸಿ, ಎದುರಿಗೆ ಕೂತು ಡಬ್ಬಿ ಬಿಚ್ಚಿ ಹೊಟ್ಟೆ ತುಂಬ ಉಂಡಳು.

ಶೆಡ್ಡು ಬಿಚ್ಚಿದಾಗ ನಾನು ಒಲೆಗೆ ಹೋಗಬೇಕಿತ್ತು. ಯಂಕಮ್ಮ ಕೇಳಿ ಪಡೆದು, ಟಂಟಂ ಗಾಡಿಯಲ್ಲಿ ಹಾಕಿಕೊಂಡು ಸೇತುವೆ ದಾಟಿಸಿದಳು. ಈಗ ನನಗೆ ನಾಲ್ಕು ಗಿಡ್ಡ ಕಾಲುಗಳಿವೆ. ಕಲ್ಲಗಡ್ಡಿಯ ಅಂಗನವಾಡಿಯಲ್ಲಿ ಮಕ್ಕಳ ಊಟದ ಮೇಜು ನಾನು. ಬಿಳಿ ಬಣ್ಣ ಏಳುತ್ತಿದೆ, ಗೆರೆಗಳು ಅಲ್ಲಲ್ಲಿ ಮಾತ್ರ ಕಾಣುತ್ತವೆ. ಸುಮಂಗಲಾ ಬೇರೆಲ್ಲೋ ಬೇರೆ ಸೇತುವೆ ಕಟ್ಟಿಸುತ್ತಿದ್ದಾಳಂತೆ.

ಕೆಂಪು ಗೆರೆ ಕೆಳಗಿದ್ದಾಗ, ನೋಡಲು ಬಂದವರೆದುರು ನನಗೆ ನಾಚಿಕೆಯಾಗುತ್ತಿತ್ತು. ಈಗ ಆ ದಿನಗಳೇ ಹೆಚ್ಚು ನೆನಪಾಗುತ್ತವೆ. ಹಿಂದೆ ಬಿದ್ದಿದ್ದೇವೆ ಎಂದು ಒಬ್ಬಳು ಹೆದರುತ್ತಲೇ ನನ್ನ ಮೇಲೆ ಬರೆದಿದ್ದಳು. ಒಂದು ಹಲಗೆಯ ಬಾಳಿಗೆ ಅಷ್ಟು ಸಾಕು.

ಮಧ್ಯಾಹ್ನ ಮಕ್ಕಳು ಸುತ್ತ ಕೂತು ಬಿಸಿ ಅನ್ನದ ತಟ್ಟೆ ಇಡುತ್ತಾರೆ. ಬೆನ್ನು ಬೆಚ್ಚಗಾಗುತ್ತದೆ.