ತಲೆ ಬೋಳಿಸಿಕೊಳ್ಳಲು ಒಬ್ಬರು ಬೇಕಾಗಿದ್ದರು

ನಮ್ಮ ಅಪಾರ್ಟ್‌ಮೆಂಟಿನ ಎದುರು, ಹಳೇ ಬಸ್ ಡಿಪೋ ಜಾಗದಲ್ಲಿ, ಬಡವರಿಗೆ ಬಾಡಿಗೆ ಮನೆ ಕಟ್ಟುತ್ತಾರೆಂದು ಗೊತ್ತಾದ ದಿನವೇ ಮಹಿಳಾ ಸಂಘದಿಂದ ಕೆಂಪು ಬ್ಯಾನರ್ ಕಟ್ಟಿಸಿದೆವು. ನಮ್ಮ ಮನೆಗಳಿಗೆ ಬಿಸಿಲು ತಪ್ಪುತ್ತದೆ, ಶಾಲೆ ಕೆಡುತ್ತದೆ ಎಂದು ಬರೆಸಿದೆವು. ಫ್ಲ್ಯಾಟಿನ ಬೆಲೆ ಬೀಳುತ್ತದೆ ಎಂದು ಮಾತ್ರ ಬರೆಸಲಿಲ್ಲ. ಸಿಯೋಲ್‌ನಲ್ಲಿ ನಮಗೂ ಒಂದು ಮರ್ಯಾದೆ ಇದೆ.

ಅಧಿಕಾರಿಗಳು ಜಗ್ಗಲಿಲ್ಲ. ಇನ್ನು ತಲೆ ಬೋಳಿಸಿಕೊಂಡು ಪ್ರತಿಭಟಿಸುವುದೊಂದೇ ದಾರಿ, ಟೀವಿಯವರು ಬರುವುದೇ ಅದಕ್ಕೆ ಎಂದಳು ಅಧ್ಯಕ್ಷೆ ಹ್ಯೊನ್‌ಸುಕ್. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಅವಳು ಹಿಂದಿನ ವಾರವಷ್ಟೇ ಕೂದಲು ಗುಂಗುರು ಮಾಡಿಸಿಕೊಂಡಿದ್ದಳು. ನನಗೆ ಮಗಳ ಮದುವೆಯ ನೆಪ.

"ಒಕ್ಬುನ್ ಅಕ್ಕ ಇದಾರಲ್ಲ!" ಎಂದಳು ಹ್ಯೊನ್‌ಸುಕ್.

ಒಕ್ಬುನ್ ನಮ್ಮ ಮಹಡಿಗಳನ್ನು ಒರೆಸುವವಳು. ಅರವತ್ಮೂರು ವರ್ಷ, ಹಿಂದಿನ ಓಣಿಯ ಹಳೇ ಮನೆಯೊಂದರ ನೆಲಮಾಳಿಗೆಯ ಕೋಣೆಯಲ್ಲಿ ವಾಸ. ಎದುರು ಕಟ್ಟಲಿದ್ದ ಆ ಮನೆಗಳ ಮೇಲೆಯೇ ಜೀವ ಇಟ್ಟುಕೊಂಡಿದ್ದಳು. ನನಗೊಬ್ಬಳಿಗೇ ಹೇಳಿದ್ದಳು: "ಕಿಟಕಿ ಇರೋ ಒಂದು ರೂಮ್ ಸಿಕ್ರೆ ಸಾಕು ಮೇಡಂ. ಮಳೆ ಬಂದಾಗೆಲ್ಲ ಹಾಸಿಗೆ ಎತ್ತಿ ಎತ್ತಿ ಸಾಕಾಗಿದೆ."

ಹ್ಯೊನ್‌ಸುಕ್ ಅವಳನ್ನು ಕರೆಸಿದಳು. "ಅಕ್ಕಾ, ಕೂದ್ಲು ತಾನೇ, ಮತ್ತೆ ಬೆಳೆಯುತ್ತೆ. ಹೊಸ ವರ್ಷಕ್ಕೆ ನಿಮ್ಮನ್ನ ಕೆಲಸದಲ್ಲಿ ಇಟ್ಕೋಬೇಕೋ ಬೇಡ್ವೋ ಅಂತ ಹೇಳೋರು ನಾವೇ ಅಲ್ವಾ?"

ಒಕ್ಬುನ್ ನನ್ನ ಮುಖ ನೋಡಿದಳು. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಮುಂದಿನ ತಲೆ ನನ್ನದೇ.

ಶನಿವಾರ ಗೇಟಿನ ಮುಂದೆ ಕುರ್ಚಿ ಹಾಕಿ ಕೂರಿಸಿದೆವು. ಮೆಷಿನ್ ಹಿಡಿದವಳು ನಾನೇ. ಮೊದಲ ಹಿಡಿ ಕೂದಲು ಮಡಿಲಿಗೆ ಬಿದ್ದಾಗ, ಎದುರಿನ ಖಾಲಿ ಜಾಗ ನೋಡುತ್ತ ಅವಳು ಗೋಳೋ ಎಂದು ಅತ್ತಳು.

"ಅಳಿ ಅಕ್ಕಾ, ಚೆನ್ನಾಗಿ ಅಳಿ! ಕ್ಯಾಮೆರಾ ಈ ಕಡೆ!" ಎಂದು ಹ್ಯೊನ್‌ಸುಕ್ ಕಿವಿಯಲ್ಲಿ ಉಸುರಿದಳು.

ಏಕೆ ಅಳುತ್ತೀರಿ ಎಂದು ಟೀವಿಯವರು ಅವಳನ್ನು ಕೇಳಲೇ ಇಲ್ಲ. ಅಪಾರ್ಟ್‌ಮೆಂಟಿನ ಹಿರಿಯ ನಿವಾಸಿಯ ಕಣ್ಣೀರು ಎಂದು ತೋರಿಸಿದರು. ಊರೆಲ್ಲ ಮರುಗಿತು. ಹತ್ತೇ ದಿನದಲ್ಲಿ ಯೋಜನೆ ರದ್ದಾಯಿತು.

ಮನೆಮನೆಗೂ ಅಕ್ಕಿ ಕಡುಬು ಹಂಚಿದೆವು. ಒಕ್ಬುನ್‌ಗೂ ಒಂದು ತಟ್ಟೆ. ತಲೆಗೆ ಟವೆಲ್ ಸುತ್ತಿಕೊಂಡು, ಸೊಂಟ ಬಗ್ಗಿಸಿ, ಎರಡೂ ಕೈಯಲ್ಲಿ ತೆಗೆದುಕೊಂಡಳು.

"ಎಲ್ಲಾ ನಿಮ್ಮಿಂದಾನೇ ಅಕ್ಕಾ," ಎಂದು ಹ್ಯೊನ್‌ಸುಕ್ ನಕ್ಕಳು. "ಒಂದ್ ಮಾತು, ಬೇಜಾರ್ ಮಾಡ್ಕೋಬೇಡಿ. ಕೂದ್ಲು ಬರೋವರ್ಗೂ ಲಿಫ್ಟ್ ಹತ್ಬೇಡಿ. ಮಕ್ಕಳು ಹೆದರ್ತವೆ."

"ಆಗ್ಲಿ ಮೇಡಂ," ಎಂದಳು ಒಕ್ಬುನ್. ನಮ್ಮದು ಇಪ್ಪತ್ತೆರಡು ಮಹಡಿಯ ಕಟ್ಟಡ. ನೀರು ತುಂಬಿದ ಬಕೆಟ್ ಎತ್ತಿಕೊಂಡು ಮೆಟ್ಟಿಲ ಕಡೆ ನಡೆದಳು.

ನಾಚಿಕೆಯಾದದ್ದು ನಿಜ. ಆದರೆ ಕಡುಬು ಇನ್ನೂ ಬಿಸಿಯಾಗಿತ್ತು, ತಿಂದೆ.