ಅಂಗೈಯಗಲದ ಪಿಸ್ತೂಲು

ಇಷ್ಟೇ ಇಷ್ಟು, ಅಂಗೈ ಮುಚ್ಚಿದರೆ ಅರ್ಧ ಮರೆಯಾಗುತ್ತದೆ, ಗಾಜಿನ ಕಪಾಟಿನಲ್ಲಿದ್ದಾಗ ಆಟದ ಸಾಮಾನಿನ ಹಾಗಿತ್ತು, ಕೈಗೆ ಬಂದ ಕೂಡಲೇ ಮಣಿಕಟ್ಟನ್ನು ಕೆಳಕ್ಕೆ ಜಗ್ಗಿತು — ತಣ್ಣಗಿದೆ, ನಮ್ಮ ಆಸ್ಪತ್ರೆಯ ಎಕ್ಸ್-ರೇ ಮೇಜಿನ ಹಾಗೆ, ಬೆಳಗಿನಿಂದ ಅದರ ಮೇಲೆ ಇಪ್ಪತ್ತು ಜನರನ್ನು ಮಲಗಿಸಿ ಉಸಿರು ಹಿಡ್ಕೊಳ್ಳಿ, ಈಗ ಬಿಡಿ, ಎಂದು ಹೇಳಿ ಹೇಳಿ ಗಂಟಲು ಒಣಗಿತ್ತು, ಈಗ ನಾನೇ ಉಸಿರು ಹಿಡಿದು ನಿಂತಿದ್ದೇನೆ. ಮೇಲಿನ ಭಾಗ ಹಿಂದಕ್ಕೆ ಎಳೀರಿ ಮೇಡಂ, ಖಾಲಿ ಇದೆ, ಹೆದರ್ಬೇಡಿ, ಅಂಗಡಿಯವನು ಹೇಳುತ್ತಾನೆ. ಎಳೆಯುತ್ತೇನೆ, ಬರುವುದಿಲ್ಲ, ಇನ್ನೊಮ್ಮೆ, ಬೆರಳು ಜಾರುತ್ತದೆ, ಸ್ವಲ್ಪ ಸಿಟ್ಟು ತಂದ್ಕೊಳ್ಳಿ ಮೇಡಂ ಎಂದು ನಗುತ್ತಾನೆ, ಸಿಟ್ಟೇ, ಸಿಟ್ಟಿಗೇನು ಬರವೇ ನನ್ನಲ್ಲಿ, ಎರಡು ತಿಂಗಳಿಂದ ಯಾರು ನಕ್ಕರೂ ಮೈ ಉರಿಯುತ್ತದೆ, ಲೈಸೆನ್ಸ್ ಕಚೇರಿಯ ಆ ಗುಮಾಸ್ತ, ಮನೇಲಿ ಗಂಡಸ್ರು ಯಾರೂ ಇಲ್ವಾ ಎಂದಿದ್ದ, ಒಬ್ಬ ಬರ್ತಾನೆ ಸಾರ್, ಅವನಿಗೋಸ್ಕರಾನೇ ಇದು, ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ, ಫೋಟೊ ಹಳೇದು, ಸಾಹೇಬ್ರು ರಜೆ, ನಾಳೆ ಬನ್ನಿ, ಚಪ್ಪಲಿ ಸವೆಯಿತು. ಪೊಲೀಸರೋ — ಏನಾದ್ರೂ ಆದ್ರೆ ಫೋನ್ ಮಾಡಿ. ಏನಾದರೂ ಎಂದರೆ ಇನ್ನೇನು ಆಗಬೇಕು, ತಂಗಿಯ ಬಲಗೈಯ ಚಿತ್ರ ತೆಗೆದವಳು ನಾನೇ, ಎರಡು ಬೆರಳು ಸೀಮೆಸುಣ್ಣದ ಹಾಗೆ ತುಂಡಾಗಿದ್ದವು, ಬಾಗಿಲಿಗೆ ಸಿಕ್ಕಿಕೊಳ್ತು ಎಂದು ಡಾಕ್ಟರಿಗೆ ಹೇಳಿದಳು, ಪಕ್ಕದಲ್ಲೇ ಇದ್ದ ನನ್ನ ಮುಖ ನೋಡದೆ, ಅವಳ ಗಂಡ ಹೊರಗೆ ಬೆಂಚಿನ ಮೇಲೆ ಹಣ್ಣಿನ ಚೀಲ ಹಿಡಿದು ಕೂತಿದ್ದ, ಅಂದೇ ಅವಳನ್ನು ನನ್ನ ಮನೆಗೆ ಕರೆದುಕೊಂಡು ಬಂದೆ.

ಮೇಲಿನ ಭಾಗ ಹಿಂದಕ್ಕೆ ಬಂತು, ಕಟಕ್ ಎಂದಿತು, ಅಂಗೈ ಚುರುಗುಟ್ಟುತ್ತಿದೆ. ಭೇಷ್ ಮೇಡಂ, ಈಗ ಆ ಗೋಡೇಲಿರೋ ಕಾಗದದ ಮನುಷ್ಯನಿಗೆ ಗುರಿ ಹಿಡೀರಿ. ಹಿಡಿಯುತ್ತೇನೆ, ಮುಖವಿಲ್ಲದ ಕಪ್ಪು ಮನುಷ್ಯನಿಗೆ ಮುಖ ಅಂಟಿಸುವುದು ಎಷ್ಟು ಹೊತ್ತಿನ ಕೆಲಸ, ನುಣ್ಣಗೆ ಬೋಳಿಸಿದ ಗಲ್ಲ, ಮೆತ್ತನೆಯ ದನಿ, ಗಂಡ ಹೆಂಡ್ತಿ ಮಧ್ಯೆ ನೀವ್ಯಾಕೆ ಅಕ್ಕಾ — ಹೌದು, ನಾನ್ಯಾಕೆ, ಅವಳನ್ನು ಎತ್ತಿ ಆಡಿಸಿದವಳು ನಾನು ಅದಕ್ಕೆ, ನಿನ್ನ ಎದೆ ಇಲ್ಲೇ ಇದೆ ನೋಡು, ಒಂದೇ ಬೆರಳಿನ ಕೆಲಸ. ಮನೇಲಿ ಯಾರ್ಯಾರು ಇರ್ತೀರಿ ಮೇಡಂ? ನಾನು, ನನ್ನ ತಂಗಿ. ಹಾಗಾದ್ರೆ ಅವರಿಗೂ ಹಿಡಿಯೋದು ಕಲಿಸಿ, ಇಬ್ಬರಿಗೂ ಧೈರ್ಯ. ಅವಳಿಗೆ, ಧೈರ್ಯ — ಕಾಗದದ ಮನುಷ್ಯನ ಮುಂದೆ ಯಾರೋ ಬಂದು ನಿಂತ ಹಾಗೆ, ಪಕ್ಕಕ್ಕೆ ಸರಿ ಕಣೇ ಅಂದರೆ ಸರಿಯುತ್ತಿಲ್ಲ, ಮೊನ್ನೆ ಭಾನುವಾರ ಬೆಳಿಗ್ಗೆಯೂ ಹೀಗೇ ಬಾಗಿಲ ಮುಂದೆ ನಿಂತಿದ್ದಳು ತಂಗಿ, ಬಡಗಿಯನ್ನು ಕರೆಸಿ ಹಾಕಿಸಿದ ಹೊಸ ಚಿಲಕ, ಮೊಳದುದ್ದದ್ದು, ಆನೆ ಬಂದ್ರೂ ಅಲ್ಲಾಡಲ್ಲ ಎಂದಿದ್ದ ಬಡಗಿ, ಅವಳ ಗಂಡ ಬಂದು ಮೆಲ್ಲಗೆ ಎರಡು ಸಲ ತಟ್ಟಿದ, ಅಷ್ಟೇ, ನಾನು ಅಡುಗೆಮನೆಯಿಂದ ಓಡಿ ಬಂದೆ, ತೆಗೀಬೇಡ ಕಣೇ, ನನ್ನಾಣೆ, ತೆಗೀಬೇಡ, ಅವಳು ತಿರುಗಲೂ ಇಲ್ಲ, ಪಾಪ, ಬಿಸಿಲಲ್ಲಿ ನಿಂತಿದಾರೆ ಅಕ್ಕ ಎಂದಳು — ಹಾಗಾದರೆ ನಾನು ಯಾರಿಗೆ ಗುರಿ ಹಿಡಿಯಲಿ, ಹೇಳಯ್ಯಾ, ಒಳಗಿನಿಂದಲೇ ತೆರೆಯುವ ಬಾಗಿಲಿಗೆ ಯಾವ ಪಿಸ್ತೂಲು ಇದೆ ನಿನ್ನ ಕಪಾಟಿನಲ್ಲಿ. ಗಾಜಿನ ಮೇಲೆ ಇಟ್ಟುಬಿಡುತ್ತೇನೆ. ಬೇಡ್ವಾ ಮೇಡಂ? ಇನ್ನೂ ಹಗುರದ್ದು ತೋರಿಸ್ಲಾ? ಅವನು ಕೇಳುತ್ತಲೇ ಇದ್ದಾನೆ, ನನಗೆ ಕಾಣುತ್ತಿರುವುದು ಆ ಕೈ, ಆ ಕೈ ಮಾತ್ರ, ಎರಡು ಬೆರಳಿಗೆ ಬಿಳಿಯ ಪಟ್ಟಿ, ಪಟ್ಟಿಯಿಂದ ಹೊರಗುಳಿದ ಮೂರು ಬೆರಳು, ನೋವಿಗೆ ನಡುಗುತ್ತ, ಚಿಲಕವನ್ನು ಸರಿಸುತ್ತಿವೆ, ಮೆಲ್ಲಗೆ, ನನ್ನ ಮಾತು ಕೇಳಿಸಿಯೇ ಇಲ್ಲದ ಹಾಗೆ —